ಕಾಜಾದಿಂದ ಕತ್ತರಿಯವರೆಗೆ

(ಬಳ್ಳಾರಿಯಲ್ಲಿ ಸಣ್ಣ ಉದ್ದಿಮೆಗಳ ಮಾಲೀಕರು, ಸೂಪರ್‌ವೈಸರ್‌ಗಳು, ಐಟಿಐ ಶಿಕ್ಷಕರು ಮತ್ತು ಕೆಲಸಗಾರರ ಮುಂದೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯ ಪ್ರಶ್ನೋತ್ತರವನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಜೀನ್ಸ್ ಘಟಕ ನಡೆಸುವವರು ಬಂದಿದ್ದೀರಿ, ಗಂಗಾವತಿ ಕಡೆಯ ರೈಸ್ ಮಿಲ್ಲಿನವರು ಬಂದಿದ್ದೀರಿ, ಐಟಿಐ ಮೇಷ್ಟ್ರುಗಳಿದ್ದೀರಿ. ಹಿಂದಿನ ಸಾಲಿನಲ್ಲಿ ದಿನವೆಲ್ಲ ಮಷಿನ್ ಮುಂದೆ ಕೂತು ದುಡಿಯುವ ಅಕ್ಕಂದಿರು ಕೂತಿದ್ದೀರಿ. ನೀವು ಮುಂದಿನ ಸಾಲಿಗೆ ಬಂದಿದ್ದರೆ ನನಗೆ ಇನ್ನೂ ಖುಷಿಯಾಗುತ್ತಿತ್ತು. ಯಾಕೆಂದರೆ ನಾನು ಇವತ್ತು ಹೇಳುವುದೆಲ್ಲ ನಿಮ್ಮಂಥವರ ಪಕ್ಕ ಕೂತು ಕಲಿತದ್ದೇ.

ಒಂದು ಸುತ್ತಿಗೆಯಿಂದ ಶುರು ಮಾಡುತ್ತೇನೆ.

ಕೆಲವು ವರ್ಷಗಳ ಹಿಂದೆ ಇದೇ ಊರಿನ ಒಂದು ಜೀನ್ಸ್ ಘಟಕದವರು ನನ್ನನ್ನು ತರಬೇತಿಗೆ ಕರೆದರು. ಪ್ಯಾಂಟಿನ ಕಾಲಿನ ತುದಿ ಮಡಚಿ ಹೊಲಿಯುವ ಜಾಗದಲ್ಲಿ ಸೂಜಿ ಮುರಿಯುತ್ತಿತ್ತು, ಹೊಲಿಗೆ ಬಿಟ್ಟುಹೋಗುತ್ತಿತ್ತು. ಮುರಿದ ಸೂಜಿಯ ತುಂಡುಗಳನ್ನು ರಿಜಿಸ್ಟರಿನಲ್ಲಿ ಟೇಪ್ ಹಾಕಿ ಅಂಟಿಸುವ ಪದ್ಧತಿ ನಿಮಗೆ ಗೊತ್ತೇ ಇದೆ. ಒಂದು ಚೂರು ಬಟ್ಟೆಯೊಳಗೆ ಉಳಿದರೆ ಹಾಕಿಕೊಂಡವರ ಕಾಲಿಗೆ ಚುಚ್ಚುತ್ತದೆ, ಅದಕ್ಕೆ ಎಲ್ಲ ತುಂಡೂ ಲೆಕ್ಕಕ್ಕೆ ಸಿಗಬೇಕು. ಆ ರಿಜಿಸ್ಟರ್ ದಪ್ಪವಾಗುತ್ತ ಹೋಗಿತ್ತು. ನಾನು ಮೂರು ದಿನದ ತರಬೇತಿ ಮಾಡಿದೆ. ಪ್ರೊಜೆಕ್ಟರ್ ತಂದೆ. ಮಷಿನಿನ ಭಾಗಗಳು, ಸೂಜಿಯ ನಂಬರು, ಮೇಲಿನ ದಾರದ ಬಿಗಿ, ಕೆಳಗೆ ಬಾಬಿನ್ನಿಗೆ ಸುತ್ತಿದ ದಾರದ ಬಿಗಿ ಎಲ್ಲ ಚಿತ್ರ ಸಮೇತ ತೋರಿಸಿದೆ. ಚಹಾ, ಬಿಸ್ಕತ್ತು, ಕೊನೆಗೆ ಪರೀಕ್ಷೆ, ಪ್ರಮಾಣಪತ್ರ. ಪರೀಕ್ಷೆಯಲ್ಲಿ ಎಲ್ಲರೂ ಪಾಸು.

ತಿಂಗಳು ಬಿಟ್ಟು ಹೋಗಿ ರಿಜಿಸ್ಟರ್ ತೆಗೆಸಿ ನೋಡಿದೆ. ಮೊದಲು ಎಷ್ಟು ಸೂಜಿ ಮುರಿಯುತ್ತಿತ್ತೋ ಈಗಲೂ ಅಷ್ಟೇ. ಅವತ್ತು ನನಗೆ ನಿಜವಾಗಿ ನೋವಾಯಿತು. ಮೂರು ದಿನ ಕೆಲಸ ನಿಲ್ಲಿಸಿ ನನ್ನ ಮಾತು ಕೇಳಿದ ಹೆಣ್ಣುಮಕ್ಕಳಿಗೆ ಆ ಮೂರು ದಿನದ ಪೀಸ್ ದುಡ್ಡು ಹೋಗಿತ್ತು. ಅದರ ಬದಲಿಗೆ ನಾನು ಅವರಿಗೆ ಕೊಟ್ಟಿದ್ದೇನು?

ರಿಜಿಸ್ಟರ್ ತಿರುವುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಒಬ್ಬ ಅಕ್ಕನ ಹೆಸರಿನ ಮುಂದೆ ಮಾತ್ರ ತುಂಡುಗಳೇ ಇಲ್ಲ. ಮಾಲೀಕರನ್ನು ಕೇಳಿ ಒಂದು ಸ್ಟೂಲ್ ಹಾಕಿಸಿಕೊಂಡು ಆಕೆಯ ಪಕ್ಕ ಕೂತೆ. ಮೊದಲ ದಿನ ಏನೂ ಕಾಣಲಿಲ್ಲ. ಎರಡನೇ ದಿನವೂ ಇಲ್ಲ. ಕೈ ಅಷ್ಟು ಚುರುಕು. ಮೂರನೇ ದಿನ ಮಧ್ಯಾಹ್ನ ಕಂಡಿತು. ಒಳಗಾಲಿನ ಹೊಲಿಗೆ ಬಂದು ಕಾಲಿನ ತುದಿಯ ಮಡಿಕೆಗೆ ಸೇರುವ ಕಡೆ ಬಟ್ಟೆ ಗಂಟಿನಂತಾಗುತ್ತದಲ್ಲ, ಮಡಿಕೆಯ ಮೇಲೆ ಮಡಿಕೆ ಬಿದ್ದು ಹತ್ತು ಹನ್ನೆರಡು ಪದರ ಆಗುತ್ತದೆ. ಅಲ್ಲಿಗೆ ಬರುವ ಮೊದಲು ಆಕೆ ಡ್ರಾಯರಿನಿಂದ ಒಂದು ಪುಟ್ಟ ಸುತ್ತಿಗೆ ತೆಗೆದು, ಮಡಿಕೆಯನ್ನು ಟೇಬಲ್ಲಿನ ಅಂಚಿಗೆ ಇಟ್ಟು, ಎರಡು ಏಟು ಹಾಕಿದಳು. ದಪ್ಪ ಇದ್ದದ್ದು ಚಪ್ಪಟೆ ಆಯಿತು. ಆ ಜಾಗಕ್ಕೆ ಸೂಜಿ ಬಂದಾಗ ಪೆಡಲ್ ಬಿಟ್ಟು, ಬಲಗೈಯಲ್ಲಿ ಚಕ್ರ ತಿರುಗಿಸಿ, ಮೂರ್ನಾಲ್ಕು ಹೊಲಿಗೆ ನಿಧಾನಕ್ಕೆ ದಾಟಿಸಿ, ಮತ್ತೆ ಪೆಡಲ್ ಒತ್ತಿದಳು. ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು, ಅಷ್ಟೇ.

"ಇದನ್ನ ಯಾರು ಕಲಿಸಿದರು ಅಕ್ಕಾ?" ಎಂದು ಕೇಳಿದೆ.

"ಯಾರೂ ಕಲಿಸಿಲ್ಲ ಮೇಡಂ. ಮೊದಲು ದಾರ ಕತ್ತರಿಸಾಕ ಬಂದಿದ್ದೆ. ಅವಾಗ ಎದುರಿಗೆ ಕುಂತಿದ್ದ ಉಸ್ತಾದ್ ಹಿಂಗ ಹೊಡೀತಿದ್ದ. ನೋಡೀನಿ."

"ಮತ್ತೆ ತರಬೇತಿಯಲ್ಲಿ ಯಾಕೆ ಹೇಳಲಿಲ್ಲ?"

"ನೀವು ಕೇಳಲೇ ಇಲ್ಲಲ್ಲರಿ."

ನಾನು ಕೇಳಿರಲಿಲ್ಲ, ನಿಜ. ಮೂರು ದಿನ ನಾನೇ ಮಾತಾಡಿದ್ದೆ. ಆ ಘಟಕಕ್ಕೆ ಬೇಕಾಗಿದ್ದ ವಿದ್ಯೆ ಆ ಘಟಕದ ಒಳಗೇ, ಒಂದು ಡ್ರಾಯರಿನಲ್ಲಿ ಇತ್ತು. ಅದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಲು ದಾರಿ ಇರಲಿಲ್ಲ.

ಇವತ್ತು ನಾನು ಹೇಳಬೇಕೆಂದಿರುವ ಮಾತು ಇದೊಂದೇ. ತರಬೇತಿ ಎಂದರೆ ಕೆಲಸವನ್ನು ನಿಲ್ಲಿಸಿ ಹೊರಗಿನಿಂದ ತಂದು ಸುರಿಯುವ ಸರಕು ಎಂದು ತಿಳಿದಿದ್ದೇವೆ. ಕಲಿಕೆ ಕೆಲಸದ ಒಳಗೇ ದಿನಾ ನಡೆಯುತ್ತಿರುತ್ತದೆ. ಅದನ್ನು ಮೊದಲು ಹೋಗಿ ನೋಡಬೇಕು. ನೋಡಿದ ಮೇಲೆ ಅದಕ್ಕೆ ಜಾಗ ಕೊಡಬೇಕು, ಹೊತ್ತು ಕೊಡಬೇಕು, ಕೂಲಿಯನ್ನೂ ಕೊಡಬೇಕು. ಕೂಲಿ ಎಂದ ಕೂಡಲೇ ಮಾಲೀಕರು ಸ್ವಲ್ಪ ನೆಟ್ಟಗೆ ಕೂತಿರಿ. ಅಲ್ಲಿಗೂ ಬರುತ್ತೇನೆ.

ಆ ಅಕ್ಕ ಹೇಳಿದ್ದರಲ್ಲಿ ಬೀಗದ ಕೈ ಇರುವುದು "ದಾರ ಕತ್ತರಿಸಾಕ ಬಂದಿದ್ದೆ" ಎನ್ನುವ ಮಾತಿನಲ್ಲಿ. ಜೀನ್ ಲೇವ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞೆ 1970ರ ದಶಕದಲ್ಲಿ ಪಶ್ಚಿಮ ಆಫ್ರಿಕಾದ ಲೈಬೀರಿಯಾಕ್ಕೆ ಹೋಗಿ, ರಾಜಧಾನಿ ಮನ್ರೋವಿಯಾದ ಟೈಲರ್‌ಗಳ ಗಲ್ಲಿಯಲ್ಲಿ ಹುಡುಗರು ಕಸುಬು ಕಲಿಯುವುದನ್ನು ವರ್ಷಗಟ್ಟಲೆ ನೋಡಿದರು. ಅಲ್ಲಿ ಪಾಠ ಇಲ್ಲ, ಪರೀಕ್ಷೆ ಇಲ್ಲ. ಹಾಗಿದ್ದೂ ಹುಡುಗರು ಚೆನ್ನಾಗಿ ಕಲಿಯುತ್ತಿದ್ದರು. ಅವರು ಕಲಿಯುವ ಕ್ರಮ ಉಡುಪು ತಯಾರಾಗುವ ಕ್ರಮಕ್ಕೆ ತಿರುವುಮುರುವು. ಉಡುಪಿಗೆ ಮೊದಲು ಬಟ್ಟೆ ಕತ್ತರಿಸಬೇಕು, ಆಮೇಲೆ ಹೊಲಿಯಬೇಕು, ಕೊನೆಗೆ ಗುಂಡಿ, ಅಂಚು, ಇಸ್ತ್ರಿ. ಹುಡುಗ ಕಲಿಯುವುದು ಮೊದಲು ಇಸ್ತ್ರಿ, ಗುಂಡಿ, ಅಂಚು, ಆಮೇಲೆ ಹೊಲಿಗೆ, ಎಲ್ಲಕ್ಕಿಂತ ಕೊನೆಗೆ ಕತ್ತರಿ.

ನಮ್ಮ ಹಿರಿಯರಿಗೆ ಇದರಲ್ಲಿ ಹೊಸದೇನೂ ಕಾಣುವುದಿಲ್ಲ. ನಮ್ಮ ಯಾವ ಊರಿನ ಟೈಲರ್ ಅಂಗಡಿಯಲ್ಲೂ ಹೊಸ ಹುಡುಗ ಕಾಜಾ-ಗುಂಡಿಯಿಂದಲೇ ಶುರು ಮಾಡುತ್ತಿದ್ದ. ಕಟಿಂಗ್ ಮಾಸ್ಟರ್ ಕತ್ತರಿಯನ್ನು ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಅದು ಬರೀ ಗತ್ತು ಎಂದು ನಾವು ತಿಳಿದಿದ್ದೆವು. ಲೇವ್ ಅದರ ಹಿಂದಿನ ಲೆಕ್ಕವನ್ನು ಬಿಡಿಸಿ ತೋರಿಸಿದರು. ಗುಂಡಿ ತಪ್ಪಾದರೆ ದಾರ ಕಿತ್ತು ಮತ್ತೆ ಹಾಕಬಹುದು. ಹೊಲಿಗೆ ತಪ್ಪಾದರೂ ಬಿಚ್ಚಬಹುದು. ಕತ್ತರಿ ತಪ್ಪಿದರೆ ಬಟ್ಟೆಯೇ ಹಾಳು. ಅಂದರೆ ಕಲಿಯುವವನಿಗೆ ಮೊದಲು ಸಿಗುವುದು ತಪ್ಪು ಮಾಡಲು ಅಗ್ಗವಾದ ಕೆಲಸ. ಇನ್ನೊಂದು ಲಾಭ ಇದಕ್ಕಿಂತ ದೊಡ್ಡದು. ಗುಂಡಿ ಹಾಕುವವನ ಕೈಗೆ ಬರುವುದು ಮುಗಿದ ಉಡುಪು. ಪ್ಯಾಂಟ್ ಪೂರ್ತಿಯಾದರೆ ಹೇಗಿರಬೇಕು ಎಂಬ ಚಿತ್ರ ಮೊದಲ ದಿನದಿಂದಲೇ ಅವನ ಕಣ್ಣಲ್ಲಿ ಕೂರುತ್ತದೆ. ಆ ಚಿತ್ರ ಇಟ್ಟುಕೊಂಡು ಹೊಲಿಗೆಗೆ ಬಂದವನಿಗೆ ಈ ಹೊಲಿಗೆ ಯಾಕೆ ಎಂದು ಯಾರೂ ಹೇಳಬೇಕಾಗಿಲ್ಲ.

1991ರಲ್ಲಿ ಲೇವ್ ಮತ್ತು ಎಟಿಯೆನ್ ವೆಂಗರ್ ಸೇರಿ ಇದನ್ನು ಒಂದು ಸಿದ್ಧಾಂತವಾಗಿ ಬರೆದರು. ಅಂಚಿನಲ್ಲಿ ನಿಂತು, ಆದರೆ ನಿಜವಾದ ಕೆಲಸದಲ್ಲೇ ಕೈ ಹಾಕಿ, ನಿಧಾನಕ್ಕೆ ನಡುವಿಗೆ ಬರುವುದೇ ಕಲಿಕೆ ಎನ್ನುವುದು ಅದರ ತಿರುಳು. ನಡುವಿನಲ್ಲಿ ಏನು ನಡೆಯುತ್ತಿದೆ ಎಂಬುದು ಅಂಚಿನಲ್ಲಿ ನಿಂತವರಿಗೆ ಕಾಣಬೇಕು, ಅದೇ ಷರತ್ತು. ಅವರು ಇದಕ್ಕೆ ತದ್ವಿರುದ್ಧದ ಉದಾಹರಣೆಯನ್ನೂ ಕೊಡುತ್ತಾರೆ. ಅಮೆರಿಕದ ಸೂಪರ್‌ಮಾರ್ಕೆಟ್‌ಗಳಲ್ಲಿ ಮಾಂಸ ಕತ್ತರಿಸುವ ಕಸುಬು ಕಲಿಯಲು ಬಂದವರನ್ನು ಪೊಟ್ಟಣ ಕಟ್ಟುವ ಯಂತ್ರದ ಮುಂದೆ ನಿಲ್ಲಿಸಿದ್ದರು. ಆ ಯಂತ್ರ ಇದ್ದದ್ದು ಬೇರೆ ಕೋಣೆಯಲ್ಲಿ. ನುರಿತವರು ಮಾಂಸ ಕತ್ತರಿಸುವುದು ಇವರಿಗೆ ಕಾಣುತ್ತಲೇ ಇರಲಿಲ್ಲ. ಅವರ ಕೋಣೆಗೆ ಕಾಲಿಡಲೂ ಅಂಜಿಕೆ. ವರ್ಷ ಕಳೆದರೂ ಪೊಟ್ಟಣ ಕಟ್ಟುವುದೊಂದೇ ಕಲಿತರು.

ಇದನ್ನು ಓದಿದಾಗ ನನಗೆ ನೆನಪಾದದ್ದು ಅದೇ ಜೀನ್ಸ್ ಘಟಕ. ಅಲ್ಲಿ ದಾರ ಕತ್ತರಿಸುವ, ಚೆಕಿಂಗ್ ಮಾಡುವ ಹುಡುಗಿಯರನ್ನು ಪ್ಲೈವುಡ್ ಗೋಡೆಯ ಆಚೆ ಕೂರಿಸಿದ್ದರು. ಜಾಗ ಅಚ್ಚುಕಟ್ಟಾಗಿರಲಿ ಎಂದು ಮಾಡಿದ್ದು, ಬೇರೆ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಆದರೆ ಸುತ್ತಿಗೆಯ ಅಕ್ಕ ಹೊಸಬಳಾಗಿದ್ದಾಗ ಆ ಗೋಡೆ ಇರಲಿಲ್ಲ. ಆಕೆ ಉಸ್ತಾದನ ಎದುರಿಗೆ ಕೂತಿದ್ದಳು. ಈಗ ಬಂದವರಿಗೆ ಗೋಡೆ ಕಾಣುತ್ತದೆ, ಕೈ ಕಾಣುವುದಿಲ್ಲ. ಮಾಲೀಕರ ಹತ್ತಿರ ಇಷ್ಟೇ ಕೇಳಿಕೊಂಡೆ: ದಾರ ಕತ್ತರಿಸುವ ಟೇಬಲ್ಲನ್ನು ತಂದು ಕಾಲಂಚು ಹೊಲಿಯುವವರ ಎದುರಿಗೆ ಹಾಕಿ. ಹಾಕಿದರು. ಖರ್ಚು ಆದದ್ದು ಟೇಬಲ್ ಎತ್ತಿಟ್ಟ ಇಬ್ಬರ ಒಂದು ಗಂಟೆ. ಕೆಲವು ದಿನ ಕಳೆದ ಮೇಲೆ ಊಟದ ಬಿಡುವಿನಲ್ಲಿ ಒಬ್ಬ ಹುಡುಗಿ ವೇಸ್ಟ್ ಬಟ್ಟೆಯ ತುಂಡು ತಗೊಂಡು ಮಷಿನ್ ಮೇಲೆ ಕೂತಿದ್ದಳು. ಪಕ್ಕದಲ್ಲಿ ಸುತ್ತಿಗೆ ಇತ್ತು. ನಾನು ಒಂದು ಸ್ಲೈಡೂ ತೋರಿಸಿರಲಿಲ್ಲ.

ಇಲ್ಲಿ ಒಂದು ಎಚ್ಚರ ಹೇಳಲೇಬೇಕು. ಹಳೆಯ ಪದ್ಧತಿಯನ್ನು ಹಾಗೆ ಹಾಗೇ ತನ್ನಿ ಎಂದು ನಾನು ಹೇಳುತ್ತಿಲ್ಲ. ಕಾಜಾ ಹಾಕಲು ಬಂದ ಎಷ್ಟೋ ಹುಡುಗರು ಶಾಲೆ ಬಿಟ್ಟು ಬಂದವರು. ಏಟು ತಿಂದರು, ವರ್ಷಗಟ್ಟಲೆ ಕಾಜಾದಲ್ಲೇ ಉಳಿದರು. ಹದಿನಾಲ್ಕು ತುಂಬದ ಮಕ್ಕಳನ್ನು ದುಡಿಸುವಂತಿಲ್ಲ ಎಂದು 2016ರ ತಿದ್ದುಪಡಿಯ ನಂತರ ಕಾನೂನು ಸ್ಪಷ್ಟವಾಗಿದೆ. ಅಂಚಿನ ಕೆಲಸ ಕೊಡುವಾಗಲೇ, ಅಲ್ಲಿಂದ ಮುಂದಿನ ಮೆಟ್ಟಿಲಿಗೆ ಯಾವಾಗ, ಯಾರು ಕರೆಯುತ್ತಾರೆ ಎಂಬುದನ್ನೂ ಬರೆದಿಡಬೇಕು. ಅದು ಇಲ್ಲದಿದ್ದರೆ ಕಲಿಕೆಯ ಹೆಸರಿನಲ್ಲಿ ಅಗ್ಗದ ಕೂಲಿ ಪಡೆದಂತಾಗುತ್ತದೆ.

ಈಗ ಹೊತ್ತಿನ ವಿಷಯ. ನನ್ನ ಅಪ್ಪ ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಆಪರೇಟರ್ ಆಗಿದ್ದರು. ಮಧ್ಯಾಹ್ನ ಬುತ್ತಿ ಒಯ್ದು ಕೊಡುವುದು ನನ್ನ ಪಾಳಿ. ಭತ್ತದ ಸಿಪ್ಪೆ ಸುಲಿಯುವ ಶೆಲ್ಲರಿನಲ್ಲಿ ಎರಡು ರಬ್ಬರ್ ರೋಲ್ ಇರುತ್ತವೆ. ಒಂದು ಜೋರಾಗಿ ತಿರುಗುತ್ತದೆ, ಇನ್ನೊಂದು ನಿಧಾನ. ಆ ವೇಗದ ವ್ಯತ್ಯಾಸದಲ್ಲೇ ಸಿಪ್ಪೆ ಹರಿದುಹೋಗುತ್ತದೆ. ನಡುವಿನ ಸಂದು ಹೆಚ್ಚಾದರೆ ಭತ್ತ ಹಾಗೇ ಹೊರಬರುತ್ತದೆ, ಕಡಿಮೆಯಾದರೆ ಅಕ್ಕಿ ನುಚ್ಚಾಗುತ್ತದೆ, ರೋಲೂ ಬೇಗ ಸವೆಯುತ್ತದೆ. ಅಪ್ಪ ಸುಲಿದ ಅಕ್ಕಿ ಬೀಳುವ ಕಡೆ ಬೊಗಸೆ ಒಡ್ಡಿ, ಹೆಬ್ಬೆರಳಿನಿಂದ ಹರಡಿ ಒಂದು ಸಲ ನೋಡುತ್ತಿದ್ದರು. ಆಮೇಲೆ ಚಕ್ರವನ್ನು ಕಾಲು ಸುತ್ತು ತಿರುಗಿಸುತ್ತಿದ್ದರು. ಹೊಸ ಲಾಟು ಬಂದರೆ ಒಂದು ಕಾಳು ಹಲ್ಲಿನಲ್ಲಿ ಕಚ್ಚಿ, ಹಸಿ ಇದೆಯೋ ಒಣಗಿದೆಯೋ ಹೇಳುತ್ತಿದ್ದರು. "ಹೆಂಗ ಗೊತ್ತಾಗ್ತದಪ್ಪಾ?" ಎಂದರೆ "ಕಟ್ ಅಂತ ಮುರೀಬೇಕವಾ, ಮೆತ್ತಗ ಚಪ್ಪಟಿ ಆದ್ರ ಹಸಿ ಐತಿ ಅಂತ" ಎನ್ನುತ್ತಿದ್ದರು. ಈಗ ತೇವಾಂಶ ಅಳೆಯುವ ಮೀಟರ್ ಬಂದಿದೆ, ತೇವ ಶೇಕಡಾ ಹದಿನಾಲ್ಕರ ಆಸುಪಾಸಿಗೆ ಇಳಿದರೆ ಮಿಲ್ಲಿಗೆ ಹಾಕುತ್ತಾರೆ. ಮೀಟರ್ ಒಳ್ಳೆಯದೇ. ಆದರೆ ಮೀಟರ್ ಇಟ್ಟುಕೊಂಡ ಹುಡುಗನಿಗೂ ಮೊದಲ ತಿಂಗಳು ಕಾಳು ಕಚ್ಚಿ ನೋಡಿ ಆಮೇಲೆ ಮೀಟರ್ ನೋಡು ಎಂದು ಹೇಳಬೇಕು. ಮೀಟರ್ ತಪ್ಪು ತೋರಿಸಿದ ದಿನ ಅವನ ಹಲ್ಲಿಗೆ ಅದು ಗೊತ್ತಾಗುತ್ತದೆ.

ಅಪ್ಪನ ಪಾಳಿ ಮುಗಿಯುವಾಗ ಮುಂದಿನವರು ಬಂದು ನಿಲ್ಲುತ್ತಿದ್ದರು. ಇಬ್ಬರೂ ಹತ್ತು ನಿಮಿಷ ಮಾತಾಡುತ್ತಿದ್ದರು. "ಎರಡನೇ ಶೆಲ್ಲರಿನ ರೋಲ್ ಒಂದು ಮಗ್ಗುಲು ಸವದೈತಿ. ಬೆಲ್ಟ್ ಚಿರ್ ಅಂತೈತಿ, ಲಕ್ಷ್ಯ ಇರಲಿ. ಸಂಜಿ ಲಾಟು ಹಸಿ ಐತಿ." ಇದು ಹರಟೆಯಂತೆ ಕಾಣುತ್ತದೆ. ನನ್ನ ಲೆಕ್ಕದಲ್ಲಿ ಆ ಮಿಲ್ಲಿನ ದೊಡ್ಡ ಪಾಠಶಾಲೆ ಆ ಹತ್ತು ನಿಮಿಷವೇ. ಪಾಳಿ ಬದಲಾಗುವಾಗ ಮಾತು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಜಗತ್ತಿನ ಅತಿ ದುಃಖದ ಸಾಕ್ಷಿ ಪೈಪರ್ ಆಲ್ಫಾ. ಬ್ರಿಟನ್ನಿನ ಉತ್ತರ ಸಮುದ್ರದಲ್ಲಿದ್ದ ತೈಲ ಅಟ್ಟಣೆ ಅದು. 1988ರ ಜುಲೈ 6ರಂದು ಒಂದು ಪಂಪಿನ ಸುರಕ್ಷಾ ಕವಾಟವನ್ನು ದುರಸ್ತಿಗೆ ಬಿಚ್ಚಿದ್ದರು. ಆ ವಿಷಯ ರಾತ್ರಿ ಪಾಳಿಯವರ ಕಿವಿಗೆ ಬೀಳಲಿಲ್ಲ. ಇನ್ನೊಂದು ಪಂಪ್ ಕೆಟ್ಟಾಗ ಅವರು ಇದನ್ನು ಚಾಲೂ ಮಾಡಿದರು. ಅನಿಲ ಸೋರಿ ಬೆಂಕಿ ಹತ್ತಿತು. 167 ಜನ ತೀರಿಕೊಂಡರು. ಕಾಗದ ಇತ್ತು. ಕಾಗದ ಬರೆದವನಿಗೂ ಪಂಪ್ ಹಾಕಿದವನಿಗೂ ನಡುವೆ ಮಾತು ಇರಲಿಲ್ಲ.

ನಮ್ಮ ಸುತ್ತ ಪಾಳಿಯಲ್ಲಿ ನಡೆಯುವ ಕೆಲಸ ಎಷ್ಟಿದೆ ನೋಡಿ. ಶಕ್ತಿನಗರದ ಶಾಖೋತ್ಪನ್ನ ಕೇಂದ್ರ 1985ರಿಂದ ವಿದ್ಯುತ್ ಕೊಡುತ್ತಿದೆ, ಕುಡತಿನಿಯಲ್ಲಿ ಇನ್ನೊಂದು ಕೇಂದ್ರ, ತೋರಣಗಲ್ಲಿನ ಉಕ್ಕು, ಹಟ್ಟಿಯ ಚಿನ್ನದ ಗಣಿ. ದೊಡ್ಡ ಕಡೆಗಳಲ್ಲಿ ಇದಕ್ಕೆ ನಿಯಮ, ಪುಸ್ತಕ ಇರುತ್ತವೆ. ನನ್ನ ಚಿಂತೆ ನಿಮ್ಮ ನಮ್ಮಂಥ ಸಣ್ಣ ಘಟಕಗಳದ್ದು. ಅಲ್ಲಿ ಒಬ್ಬರು ಗೇಟಿನಿಂದ ಹೊರಗೆ ಹೋಗುತ್ತಿದ್ದಂತೆ ಇನ್ನೊಬ್ಬರು ಒಳಗೆ ಬರುತ್ತಾರೆ. ಎರಡು ಪಾಳಿಯ ಸಮಯ ಹತ್ತು ನಿಮಿಷ ಒಂದರ ಮೇಲೊಂದು ಬರುವಂತೆ ಮಾಡಿ. ಹೊಸಬರು ಆ ಹತ್ತು ನಿಮಿಷ ಪಕ್ಕದಲ್ಲಿ ನಿಂತು ಕೇಳಲಿ. ಯಾವ ಸಂಸ್ಥೆಯ ತರಬೇತಿಯೂ ಇದಕ್ಕಿಂತ ಅಗ್ಗಕ್ಕೆ ಸಿಗುವುದಿಲ್ಲ.

ಹೀಗೆ ಮಾತಾಡುವುದು ಕಲಿಕೆ ಹೌದೋ ಅಲ್ಲವೋ ಎಂಬ ಅನುಮಾನ ಇರುವವರಿಗೆ ಒಂದು ವಿಷಯ. 1980ರ ದಶಕದಲ್ಲಿ ಝೆರಾಕ್ಸ್ ಕಂಪನಿಯಲ್ಲಿ ಜೂಲಿಯನ್ ಓರ್ ಎಂಬ ಸಂಶೋಧಕ ಕಾಪಿ ಮಷಿನ್ ರಿಪೇರಿ ಮಾಡುವವರ ಬೆನ್ನು ಹತ್ತಿ ಓಡಾಡಿದರು. ಈ ತಪ್ಪಿನ ಕೋಡ್ ಬಂದರೆ ಹೀಗೆ ಮಾಡು ಎಂದು ಕಂಪನಿ ದಪ್ಪ ಕೈಪಿಡಿ ಕೊಟ್ಟಿತ್ತು. ಆದರೆ ಪ್ರತಿ ಮಷಿನ್ನಿಗೂ ತನ್ನದೇ ಹಟ ಇರುತ್ತದಲ್ಲ. ಕೈಪಿಡಿ ಕೈ ಕೊಟ್ಟ ಕಡೆ ಆ ರಿಪೇರಿಯವರು ನಿಜವಾಗಿ ಕಲಿಯುತ್ತಿದ್ದದ್ದು ತಿಂಡಿಗೆ ಕೂತಾಗ, ಒಬ್ಬರಿಗೊಬ್ಬರು ಹೇಳಿಕೊಳ್ಳುವ ಕಥೆಗಳಲ್ಲಿ. "ಮೊನ್ನೆ ಒಂದು ಮಷಿನ್ ಸಿಕ್ಕಿತ್ತು ನೋಡು…" ಎಂದು ಶುರುವಾಗುವ ಕಥೆಗಳು. ಕಂಪನಿ ಕೊನೆಗೆ ಇದನ್ನು ಅರಿತು, 1990ರ ದಶಕದಲ್ಲಿ ಅವರೇ ಬರೆದ ಉಪಾಯಗಳನ್ನು ಸೇರಿಸಿಡುವ ಒಂದು ವ್ಯವಸ್ಥೆ ಮಾಡಿತು. ಯುರೇಕಾ ಎಂದು ಹೆಸರು. ಬರೆದವರ ಹೆಸರು ಉಪಾಯದ ಜೊತೆಗೇ ಇರುತ್ತಿತ್ತು, ಅದೇ ಕಸುಬಿನ ಇನ್ನೊಬ್ಬರು ಪರೀಕ್ಷಿಸಿ ಸೈ ಎಂದ ಮೇಲೆ ಸೇರುತ್ತಿತ್ತು.

ನಾವು ಇದನ್ನು ನಮ್ಮ ಅಳತೆಗೆ ಹೊಲಿದುಕೊಂಡೆವು. ನಮ್ಮಲ್ಲಿ ಬರೆಯಲು ಬಾರದವರಿದ್ದಾರೆ. ಮನೆಯಲ್ಲಿ ಉರ್ದು, ತೆಲುಗು, ಲಂಬಾಣಿ ಆಡುವವರಿದ್ದಾರೆ. ಆದರೆ ವಾಟ್ಸಾಪಿನಲ್ಲಿ ಮಾತಾಡಿ ಕಳಿಸುವುದು ಎಲ್ಲರಿಗೂ ಬರುತ್ತದೆ. ಆ ಘಟಕದಲ್ಲಿ ಒಂದು ಗುಂಪು ಮಾಡಿದೆವು. ಮೊದಲ ವಾರ ಅದರ ತುಂಬ ಶುಭೋದಯ, ದೇವರ ಫೋಟೋ. ಆಮೇಲೆ ಒಂದು ನಿಯಮ ಹಾಕಿಕೊಂಡೆವು: ಏನು ತೊಂದರೆ ಆಯಿತು, ಏನು ಮಾಡಿದೆ, ಸರಿ ಹೋಯಿತೋ ಇಲ್ಲವೋ, ಇಷ್ಟನ್ನೇ ಹೇಳಬೇಕು, ತಮ್ಮ ಹೆಸರು ಹೇಳಿ. ಬಾಬಿನ್ ಕೇಸಿನ ಬಿಗಿ ನೋಡುವ ಬಗೆಯನ್ನು ಒಬ್ಬ ತಾಯಿ ಹೀಗೆ ಹೇಳಿದ್ದರು: ದಾರ ಹಿಡಿದು ಕೇಸನ್ನು ತೂಗಾಡಿಸು, ಕೈ ಮೆಲ್ಲಗೆ ಜಗ್ಗಿದರೆ ಸ್ವಲ್ಪ ಇಳಿದು ನಿಲ್ಲಬೇಕು, ಸರ್ರನೆ ಇಳಿದರೆ ಸಡಿಲ, ಅಲ್ಲಾಡದಿದ್ದರೆ ಬಿಗಿ. ನನ್ನ ಸ್ಲೈಡಿನಲ್ಲಿ ಇದೇ ವಿಷಯಕ್ಕೆ ನಾಲ್ಕು ಪುಟ ಇತ್ತು.

ಕಲಿತ ಕೈ ನಮ್ಮ ನಡುವೆ ಇರುವಾಗ ನಮಗೆ ಅದರ ಬೆಲೆ ತಿಳಿಯುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನ್ ಹರಿದು ಗೇಟು ಕೊಚ್ಚಿಹೋದಾಗ ಬಳ್ಳಾರಿ, ಕೊಪ್ಪಳ, ರಾಯಚೂರಿನ ಯಾವ ರೈತರ ಮನೆಯಲ್ಲೂ ನಿದ್ದೆ ಇರಲಿಲ್ಲ. ಮೂವತ್ತಮೂರು ಗೇಟುಗಳಲ್ಲಿ ಒಂದು ಹೋಗಿ, ಬೆಳೆಗೆ ಇಟ್ಟ ನೀರು ನದಿಗೆ ಹರಿಯುತ್ತಿತ್ತು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ, ನೀರು ತಡೆಯುವ ಉಕ್ಕಿನ ಹಲಗೆಯಂಥ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ, ವಾರದೊಳಗೆ ನೀರು ನಿಲ್ಲಿಸಿದರು. ಆ ಕೆಲಸಕ್ಕೆ ಸರ್ಕಾರ ಕರೆಸಿದ್ದು ಗೇಟುಗಳ ಕೆಲಸದಲ್ಲೇ ಆಯಸ್ಸು ಕಳೆದ ಹಿರಿಯ ಎಂಜಿನಿಯರ್ ಕನ್ನಯ್ಯ ನಾಯ್ಡು ಅವರನ್ನು. ಅವರ ಜೊತೆ ನೀರಿನ ಮೇಲೆ ಜೀವ ಪಣಕ್ಕಿಟ್ಟು ದುಡಿದ ಕಾರ್ಮಿಕರನ್ನೂ ನಾನು ಅಷ್ಟೇ ಕೃತಜ್ಞತೆಯಿಂದ ನೆನೆಯುತ್ತೇನೆ. ನಕ್ಷೆಗಳು ಕಚೇರಿಯಲ್ಲಿ ಇದ್ದೇ ಇದ್ದವು. ಆದರೂ ಆಪತ್ತಿನಲ್ಲಿ ನಾವು ಹುಡುಕಿದ್ದು ಒಬ್ಬ ಮನುಷ್ಯರನ್ನು. ನಿಮ್ಮ ಘಟಕದಲ್ಲಿ ಅಂಥ ಮನುಷ್ಯ ಯಾರು? ಅವರ ಪಕ್ಕ ಈಗ ಯಾರು ನಿಂತಿದ್ದಾರೆ?

ಕೂಲಿಯ ವಿಷಯಕ್ಕೆ ಬಂದೆ. ಇದನ್ನು ಬಿಟ್ಟು ಕಲಿಕೆಯ ಬಗ್ಗೆ ಏನು ಹೇಳಿದರೂ ಅದು ಅರ್ಧ ಸುಳ್ಳು ಎಂದು ನಾನು ನಂಬುತ್ತೇನೆ.

ನಮ್ಮ ಜೀನ್ಸ್ ಕೆಲಸ ಬಹುಪಾಲು ಪೀಸ್ ಲೆಕ್ಕದ್ದು. ಎಷ್ಟು ಬಂಡಲ್ ಮುಗಿಸುತ್ತೀಯೋ ಅಷ್ಟು ದುಡ್ಡು. ಹಳಬಳಾದ ಅಕ್ಕ ಹೊಸ ಹುಡುಗಿಗೆ ಅರ್ಧ ಗಂಟೆ ತೋರಿಸಿ ಕೊಟ್ಟರೆ ಆ ಅರ್ಧ ಗಂಟೆಯ ಪೀಸ್ ಹೋಯಿತು. ಹುಡುಗಿ ತಪ್ಪು ಹೊಲಿದರೆ ಬಿಚ್ಚುವುದು ಯಾರು? ಅದೂ ಅಕ್ಕನೇ. ನಾಳೆ ಹುಡುಗಿ ಚುರುಕಾಗಿ ಕಲಿತರೆ ಅಕ್ಕನ ಬಂಡಲ್ ಅವಳಿಗೆ ಹೋಗಬಹುದು. ಇಷ್ಟೆಲ್ಲ ಇಟ್ಟುಕೊಂಡು "ಹಳಬರು ವಿದ್ಯೆ ಬಚ್ಚಿಡುತ್ತಾರೆ" ಎಂದು ಆಡಿಕೊಳ್ಳುವುದು ಅನ್ಯಾಯ. ಅವರು ಬಚ್ಚಿಡುತ್ತಿರುವುದು ಮಕ್ಕಳ ಶಾಲೆ ಫೀಸು, ಮನೆ ಬಾಡಿಗೆ.

ಆ ಘಟಕದ ಮಾಲೀಕರು ಬಹಳ ಯೋಚನೆ ಮಾಡಿ ಎರಡು ಮಾತು ಒಪ್ಪಿದರು. ಕಲಿಸುವ ಗಂಟೆಗೆ ಆ ಅಕ್ಕನ ಹಿಂದಿನ ವಾರದ ಸರಾಸರಿಯಷ್ಟೇ ದುಡ್ಡು. ಹೊಸಬಳು ಮೊದಲ ಎರಡು ವಾರದಲ್ಲಿ ಕೆಡಿಸಿದ್ದು ಯಾರ ಲೆಕ್ಕದಲ್ಲೂ ಕಡಿತ ಇಲ್ಲ. ಹೇಳಿದ ಕೂಡಲೇ ಏನೂ ಆಗಲಿಲ್ಲ. ಮೊದಲ ವಾರ ಒಬ್ಬರೇ ಒಬ್ಬರು ಮುಂದೆ ಬಂದದ್ದು, ಅದೂ ಅನುಮಾನದಿಂದ. ಶನಿವಾರದ ಬಟವಾಡೆಯಲ್ಲಿ ಆಕೆಯ ಕವರಿನಲ್ಲಿ ಕಲಿಸಿದ ಗಂಟೆಗಳ ದುಡ್ಡು ಲೆಕ್ಕದಂತೆ ಬಂದಿತ್ತು. ಆಕೆ ಅಲ್ಲೇ ನಿಂತು ಎರಡು ಸಲ ಎಣಿಸಿದರು. ಸೋಮವಾರ ಇನ್ನೂ ಮೂವರು ಹೆಸರು ಕೊಟ್ಟರು.

ಕೂಲಿ ಕೊಟ್ಟ ಮಾತ್ರಕ್ಕೆ ಎಲ್ಲರಿಗೂ ಕಲಿಸಲು ಬರುವುದಿಲ್ಲ, ಅದೂ ಗೊತ್ತಿರಲಿ. ಕೈ ಬಲ್ಲವರಿಗೆ ತಾವು ಬಲ್ಲದ್ದು ಏನು ಎಂದೇ ಎಷ್ಟೋ ಸಲ ಗೊತ್ತಿರುವುದಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಿಗೆ ಏನೂ ಅನುಭವ ಇಲ್ಲದ ಲಕ್ಷಾಂತರ ಜನ ಬಂದರು. ಆಗ ಸರ್ಕಾರ ಸೂಪರ್‌ವೈಸರ್‌ಗಳಿಗೆ ಹತ್ತೇ ಗಂಟೆಯ ಒಂದು ಪಾಠ ಮಾಡಿತು. ಕಲಿಯುವವರ ಅಂಜಿಕೆ ಬಿಡಿಸು, ಕೆಲಸ ಮಾಡಿ ತೋರಿಸುತ್ತ ಹೇಳು, ಅವರ ಕೈಯಲ್ಲಿ ಮಾಡಿಸು, ಆಮೇಲೆ ಬಿಟ್ಟು ನೋಡುತ್ತಿರು. ನಾಲ್ಕೇ ಹಂತ. ಕೆಲಸಗಾರ ಕಲಿತಿಲ್ಲ ಎಂದರೆ ಕಲಿಸಿದವನು ಕಲಿಸಿಲ್ಲ ಎನ್ನುವುದು ಅವರ ಘೋಷವಾಕ್ಯ. ಯುದ್ಧದ ನಂತರ ಇದು ಜಪಾನಿಗೆ ಹೋಗಿ ಅಲ್ಲಿನ ಕಾರ್ಖಾನೆಗಳಲ್ಲಿ ಬೇರು ಬಿಟ್ಟಿತು. ಅದರಲ್ಲಿ ನನಗೆ ಬಹಳ ಇಷ್ಟವಾದದ್ದು, ಪ್ರತಿ ಹಂತಕ್ಕೂ ಒಂದು ಗುಟ್ಟು ಮತ್ತು ಆ ಗುಟ್ಟಿಗೆ ಒಂದು ಕಾರಣ ಹೇಳಬೇಕು ಎನ್ನುವುದು. ಸುತ್ತಿಗೆಯನ್ನೇ ತಗೊಳ್ಳಿ. ಹಂತ: ಮಡಿಕೆಗೆ ಎರಡು ಏಟು. ಗುಟ್ಟು: ಟೇಬಲ್ಲಿನ ಅಂಚಿನ ಮೇಲೆ ಇಟ್ಟು ಹೊಡೆ, ಮಷಿನಿನ ಸೂಜಿ ತಟ್ಟೆಯ ಮೇಲೆ ಅಲ್ಲ. ಕಾರಣ: ತಟ್ಟೆಗೆ ಪೆಟ್ಟು ಬಿದ್ದರೆ ಸೂಜಿಯ ತೂತಿನ ಸುತ್ತ ಗೀರು ಬಿದ್ದು ದಾರ ಕಡಿಯಲು ಶುರುವಾಗುತ್ತದೆ. ಗುಟ್ಟು ಗೊತ್ತಿದ್ದು ಕಾರಣ ಗೊತ್ತಿಲ್ಲದವರು ಅವಸರದ ದಿನ ತಟ್ಟೆಯ ಮೇಲೇ ಹೊಡೆಯುತ್ತಾರೆ.

ಮಾಲೀಕರು ತಿಳಿದಿರಬೇಕಾದ ಇನ್ನೊಂದು ವಿಷಯವನ್ನು ಬೇಗ ಹೇಳಿಬಿಡುತ್ತೇನೆ. 1961ರ ಅಪ್ರೆಂಟಿಸ್ ಕಾಯ್ದೆಯ 2019ರ ತಿದ್ದುಪಡಿ ನಿಯಮಗಳ ಪ್ರಕಾರ ಮೂವತ್ತು ಅಥವಾ ಹೆಚ್ಚು ಜನ ಇರುವ ಕಡೆ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು, ಅಂದರೆ ಕೆಲಸ ಮಾಡುತ್ತ ಕಸುಬು ಕಲಿಯುವವರನ್ನು, ತೆಗೆದುಕೊಳ್ಳಲೇಬೇಕು. ನಾಲ್ಕು ಜನರಿಂದ ಮೇಲಿನ ಸಣ್ಣ ಘಟಕಗಳು ಇಷ್ಟವಿದ್ದರೆ ತೆಗೆದುಕೊಳ್ಳಬಹುದು. ಕಾಗದ ಇದೆ. ಆ ಅಪ್ರೆಂಟಿಸ್ ಯಾರ ಪಕ್ಕ ಕೂರುತ್ತಾನೆ ಎಂಬುದನ್ನು ಮಾತ್ರ ಯಾವ ಕಾಗದವೂ ಹೇಳುವುದಿಲ್ಲ. ಅದು ನಿಮ್ಮ ಕೈಯಲ್ಲಿದೆ.

ಇಷ್ಟು ಹೊತ್ತು ದಿನದ ಕೆಲಸವನ್ನು ಹೊಗಳಿದೆ. ಈಗ ಅದರ ಕುರುಡು ಹೇಳದಿದ್ದರೆ ತಪ್ಪಾಗುತ್ತದೆ. ಕೆಲವು ವಿಷಯಗಳನ್ನು ಅನುಭವ ಕಲಿಸುವುದೇ ಇಲ್ಲ. ಸೂಜಿ ಮುರಿದರೆ ಕೂಡಲೇ ಗೊತ್ತಾಗುತ್ತದೆ, ಕೈ ಪಾಠ ಕಲಿಯುತ್ತದೆ. ದೂಳು ಹಾಗಲ್ಲ. ಜೀನ್ಸ್ ಹಳತಾದಂತೆ ಕಾಣಲಿ ಎಂದು ಬಟ್ಟೆಯ ಮೇಲೆ ಮರಳು ಚಿಮ್ಮಿಸುವ ಕೆಲಸ ಟರ್ಕಿಯಲ್ಲಿ ಜೋರಾಗಿ ನಡೆದಿತ್ತು. ಅಲ್ಲಿನ ಹರೆಯದ ಹುಡುಗರು ಸಿಲಿಕೋಸಿಸ್ ಬಂದು, ಅಂದರೆ ಮರಳಿನ ನುಣ್ಣನೆಯ ದೂಳು ಶ್ವಾಸಕೋಶ ಸೇರಿ ಬರುವ ಕಾಯಿಲೆಯಿಂದ, ಸತ್ತರು. 2009ರಲ್ಲಿ ಆ ದೇಶ ಅದನ್ನು ನಿಷೇಧಿಸಿತು. ಆ ಹುಡುಗರಿಗೆ ಕೆಲಸ ಚೆನ್ನಾಗಿ ಬರುತ್ತಿತ್ತು. ಉಸ್ತಾದನಿಂದಲೇ ಕಲಿತಿದ್ದರು. ಉಸ್ತಾದನೂ ಬಾಯಿಗೆ ಬಟ್ಟೆ ಕಟ್ಟಿ ಮಾಡುತ್ತಿದ್ದ. ಕಾಯಿಲೆ ಬರುವುದು ಮೊದಲ ದಿನ ಅಲ್ಲ. ತಿಂಗಳು, ವರ್ಷ ಕಳೆದ ಮೇಲೆ. ಅಷ್ಟರೊಳಗೆ ಕೆಟ್ಟ ಅಭ್ಯಾಸವೇ ಪದ್ಧತಿಯಾಗಿರುತ್ತದೆ. ಗಣಿಯ ನಾಡಿನವರಾದ ನಮಗ್ಯಾರಿಗೂ ದೂಳು ಹೊಸದಲ್ಲ. "ಮೊದಲಿಂದ ಹಿಂಗ ಮಾಡ್ಕೊಂತ ಬಂದೀವಿ, ಏನಾಗ್ಯದ?" ಎಂಬ ಮಾತು ಕೇಳಿದಾಗಲೆಲ್ಲ ನನಗೆ ಹೆದರಿಕೆಯಾಗುತ್ತದೆ. ಬಣ್ಣ ತೆಗೆಯುವ ರಾಸಾಯನಿಕ ಸಿಂಪಡಿಸುವ ಕಡೆ, ಮಷಿನಿನ ಬೆರಳು ಕಾಪು ಬಿಚ್ಚಿಟ್ಟಿರುವ ಕಡೆ ಹೊರಗಿನಿಂದ ವೈದ್ಯರು ಬರಬೇಕು, ಸುರಕ್ಷತೆ ಬಲ್ಲವರು ಬರಬೇಕು, ಕೆಲಸ ನಿಲ್ಲಿಸಿ ಕೂರಿಸಿ ಹೇಳಬೇಕು. ಪ್ರೊಜೆಕ್ಟರ್ ಬೇಕಾದರೆ ಅಲ್ಲಿ ಹಾಕಿ. ಶ್ವಾಸಕೋಶದ ಎಕ್ಸ್‌ರೇಯನ್ನು ಯಾವ ಅಕ್ಕನ ಕೈಯೂ ತೋರಿಸಲಾರದು.

ನನ್ನ ಮಾತು ಇಷ್ಟು. ಪ್ರಶ್ನೆಗಳಿದ್ದರೆ ಕೇಳಿ.

ಒಬ್ಬ ತರಬೇತಿ ಅಧಿಕಾರಿ ಕೇಳಿದರು: ಕಲಿಕೆಯಲ್ಲಿ ಶೇ. 70 ಕೆಲಸದಿಂದ, 20 ಬೇರೆಯವರಿಂದ, 10 ತರಗತಿಯಿಂದ ಎಂದು ಹೇಳುತ್ತಾರಲ್ಲ, ನೀವು ಹೇಳುವುದೂ ಅದೇ ಅಲ್ಲವೇ? ನಾನು ಹೇಳಿದ್ದು: ಆ ಲೆಕ್ಕ 1980ರ ದಶಕದಲ್ಲಿ ಅಮೆರಿಕದ ಮ್ಯಾನೇಜರ್‌ಗಳು ತಾವು ಹೇಗೆ ಕಲಿತೆವು ಎಂದು ನೆನೆಸಿಕೊಂಡು ಹೇಳಿದ್ದರಿಂದ ಬಂದದ್ದು. ಹೊಲಿಗೆಯವರನ್ನೋ ಮಿಲ್ಲಿನವರನ್ನೋ ಅಳೆದು ತೆಗೆದದ್ದಲ್ಲ. ಅದನ್ನು ಅಳತೆಗೋಲು ಮಾಡಿಕೊಂಡು, ತರಗತಿಯನ್ನು ಹತ್ತಕ್ಕೆ ಇಳಿಸಿದ್ದೇವೆ, ಉಳಿದದ್ದು ತಾನಾಗಿ ಆಗುತ್ತದೆ ಎಂದು ಕೈ ತೊಳೆದುಕೊಳ್ಳುವವರನ್ನು ನೋಡಿದ್ದೇನೆ. ತಾನಾಗಿ ಆಗುವುದಿಲ್ಲ. ಗೋಡೆ ಇದ್ದರೆ ಆಗುವುದಿಲ್ಲ, ಕೂಲಿ ಕಡಿತ ಇದ್ದರೆ ಆಗುವುದಿಲ್ಲ.

ರೈಸ್ ಮಿಲ್ಲಿನ ಮಾಲೀಕರೊಬ್ಬರು, ಕಲಿಸಿದ ಮೇಲೆ ಹುಡುಗರು ಹೆಚ್ಚು ಕೂಲಿಗೆ ಬೇರೆ ಮಿಲ್ಲಿಗೆ ಹೋಗುತ್ತಾರೆ, ಏನು ಮಾಡುವುದು ಎಂದರು. ಹೋಗುತ್ತಾರೆ, ನಿಜ. ಮುಂದಿನ ಮೆಟ್ಟಿಲು ನಿಮ್ಮಲ್ಲೇ ಕಂಡರೆ ಕೆಲವರು ಉಳಿಯುತ್ತಾರೆ. ಶೆಲ್ಲರ್ ಕಲಿತವನಿಗೆ ಶೆಲ್ಲರಿನ ಕೂಲಿಯನ್ನೇ ಕೊಡಬೇಕು, ಹಮಾಲಿ ಕೂಲಿ ಕೊಟ್ಟರೆ ಉಳಿಯುವುದಿಲ್ಲ ಎಂದೆ. ಅವರಿಗೆ ಪೂರ್ತಿ ಸಮಾಧಾನ ಆದಂತೆ ಕಾಣಲಿಲ್ಲ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಅಕ್ಕ ಎದ್ದು ನಿಂತರು. ಮೈಕು ಬೇಡ ಎಂದರು. "ಮೇಡಂ, ಸುತ್ತಿಗಿ ಎಲ್ಲಾ ಬಟ್ಟಿಗೂ ಅಲ್ಲರಿ. ಈಗ ಬರೋದರಾಗ ಭಾಳಷ್ಟು ಸ್ಟ್ರೆಚ್ ಬಟ್ಟಿ. ಅದು ತೆಳ್ಳಗ ಇರ್ತದ, ಹೊಡಿಯೋದು ಬೇಕಾಗಂಗಿಲ್ಲ. ಅದಕ್ಕ ಹೊಲಿಗಿ ಬಿಡ್ತದ ಅಂದ್ರ ಸೂಜಿ ಬದಲು ಮಾಡಬೇಕು, ದುಂಡು ಮೊನೀದು ಹಾಕಬೇಕು." ಪಕ್ಕದಲ್ಲಿ ಕೂತಿದ್ದ ಐಟಿಐ ಹುಡುಗಿ ಯಾವ ನಂಬರಿನ ಸೂಜಿ ಎಂದು ಕೇಳಿದಳು. ಅಕ್ಕ ಪರ್ಸ್ ತೆಗೆದು, ಕಾಗದದಲ್ಲಿ ಸುತ್ತಿಟ್ಟಿದ್ದ ಒಂದು ಸೂಜಿಯನ್ನು ಅವಳ ಅಂಗೈ ಮೇಲೆ ಇಟ್ಟರು. "ಉಗುರಿನ ಮ್ಯಾಲ ಮೊನಿ ಆಡಿಸಿ ನೋಡು," ಎಂದರು.